ರಿಲೀಸ್ ಅಂದ್ರೆ ನಿದ್ದೆ ಬರಲ್ಲ

ಪ್ರಶ್ನೆ: ಮೇಡಂ, ನಾನು ಹಾವೇರಿ ಜಿಲ್ಲೆಯವನು, ವಯಸ್ಸು 26. ವಾರಾಣಸಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. ಲಂಕಾ ಬಡಾವಣೆಯಲ್ಲಿ ಬಾಡಿಗೆ ರೂಮು. ಯಾತ್ರಿಕರಿಗೆ ಕೊಠಡಿ ಕಾದಿರಿಸುವ ಹಳೆಯ ಜಾವಾ ವೆಬ್‌ಸೈಟ್ ಒಂದನ್ನು ನೋಡಿಕೊಳ್ಳುವುದು ನನ್ನ ಕೆಲಸ. ಎಲ್ಲವೂ ಜೆಎಸ್‌ಪಿ ಪುಟಗಳು. ಹಿಂದಿ, ಇಂಗ್ಲಿಷ್, ತೆಲುಗು, ಕನ್ನಡ ಅಂತ ಬೇರೆ ಬೇರೆ ಫೋಲ್ಡರ್. ಕನ್ನಡದ್ದನ್ನು ಬರೆದವನು ನಾನೇ.

ಕಳೆದ ದೇವ ದೀಪಾವಳಿಯ ಹಿಂದಿನ ರಾತ್ರಿ ರಸೀದಿಗೆ ಸಂಬಂಧಿಸಿದ ಒಂದು ಜಾವಾ ಮೆಥಡ್ ಬದಲಾಯಿಸಿ ರಿಲೀಸ್ ಮಾಡಿದೆ. ಬಿಲ್ಡ್ ಏನೂ ತಕರಾರು ಮಾಡಲಿಲ್ಲ. ಹಿಂದಿ, ಇಂಗ್ಲಿಷ್ ಪುಟ ತೆರೆದು ನೋಡಿ ಮಲಗಿದೆ. ನಾಲ್ಕರ ಜಾವಕ್ಕೆ ಫೋನ್. ನಮ್ಮ ಕಡೆಯ ಯಾತ್ರಿಕರ ಗುಂಪು. ದುಡ್ಡು ಕಟ್ ಆಗಿದೆ, ರಸೀದಿ ಬರಬೇಕಾದ ಕಡೆ 500 ಅಂತ ಎರರ್. ಆಫೀಸಿನಲ್ಲಿ ಕನ್ನಡ ಬರುವುದು ನನಗೊಬ್ಬನಿಗೇ, ಹಾಗಾಗಿ ಕರೆ ನನಗೇ ಬಂತು. ಹಿರಿಯರೊಬ್ಬರು, ‘ತಮ್ಮಾ, ಹೆಣ್ಮಕ್ಕಳನ್ನ ಕಟ್ಕೊಂಡು ಥಂಡ್ಯಾಗ ನಿಂತೀವಿ, ಏನರ ಮಾಡಪಾ’ ಅಂದರು. ಲಾಡ್ಜಿನವರಿಗೆ ಫೋನ್ ಮಾಡಿ ರೂಮು ತೆಗೆಸಿದೆ, ಆಮೇಲೆ ಪುಟ ಸರಿ ಮಾಡಿದೆ. ಮರುದಿನ ಮಾಲೀಕರು ಎಲ್ಲರೆದುರು, ‘ನಿನ್ನ ಭಾಷೆಯ ಪುಟವನ್ನೇ ನೀನು ನೋಡಲಿಲ್ಲವಾ?’ ಎಂದರು.

ಅಂದಿನಿಂದ ಪ್ರತಿ ರಿಲೀಸಿಗೂ ಎದೆ ಡವಡವ. ನೂರಕ್ಕೂ ಹೆಚ್ಚು ಪುಟಗಳನ್ನು ಕೈಯಿಂದಲೇ ಒಂದೊಂದಾಗಿ ತೆರೆದು ನೋಡುತ್ತೇನೆ. ಮುಗಿಸಿದ ಮೇಲೆ ಮತ್ತೆ ಮೊದಲಿನಿಂದ. ಊಟ ಸೇರುವುದಿಲ್ಲ. ಅವ್ವನಿಗೆ ‘ಆರಾಮ್ ಅದೀನಿ’ ಅಂತ ಸುಳ್ಳು ಹೇಳುತ್ತೇನೆ. ಬೆಂಗಳೂರಿನ ಗೆಳೆಯ, ‘ಬಿಲ್ಡ್‌ನಲ್ಲೇ ಜೆಎಸ್‌ಪಿಗಳನ್ನು ಪ್ರಿಕಂಪೈಲ್ ಮಾಡು’ ಎಂದ. ಮಾಲೀಕರನ್ನು ಕೇಳಿದರೆ ಹೆದರಿ ನೆಪ ಹುಡುಕುತ್ತಿದ್ದಾನೆ ಅಂದುಕೊಂಡಾರು. ಮಾಡಿದರೂ ಈ ಭಯ ಹೋಗುತ್ತದಾ? ನಾನು ಈ ಕೆಲಸಕ್ಕೇ ಲಾಯಕ್ಕಿಲ್ಲವೇನೋ.

ಉತ್ತರ: ಮಾಲೀಕರು ಬೈದದ್ದಕ್ಕಿಂತ ಆ ಹಿರಿಯರು ಬೈಯದೇ ಇದ್ದದ್ದು ನಿಮ್ಮನ್ನು ಹೆಚ್ಚು ಕಾಡುತ್ತಿದೆ ಅನಿಸುತ್ತದೆ. ‘ತಮ್ಮಾ’ ಅಂದರು, ‘ಏನರ ಮಾಡಪಾ’ ಅಂದರು. ದಿನವಿಡೀ ಹಿಂದಿಯಲ್ಲೇ ಬದುಕುವ ನಿಮಗೆ ಊರಿನ ದನಿ ಕೇಳಿಸಿದ್ದು ಆ ಹೊತ್ತಿನಲ್ಲಿ, ಆ ಕಾರಣಕ್ಕೆ. ಅವರು ರೇಗಿದ್ದರೆ ನೀವೂ ಮನಸ್ಸಿನಲ್ಲಿ ಒಂದಿಷ್ಟು ರೇಗಿ ಹಗುರಾಗುತ್ತಿದ್ದಿರಿ. ಅವರು ನಿಮ್ಮನ್ನು ಮನೆಯವನೆಂದು ನಂಬಿ ಕೇಳಿದರು, ಅದಕ್ಕೇ ಈ ನಾಚಿಕೆ ಅಷ್ಟು ಆಳಕ್ಕೆ ಇಳಿದಿದೆ. ಹಿಂದಿ ಪುಟ ಕೆಟ್ಟಿದ್ದರೆ ಇಷ್ಟು ನೋಯುತ್ತಿತ್ತೇ? ಕೆಟ್ಟದ್ದು ನೀವೇ ಕೂತು ಅಕ್ಷರ ಅಕ್ಷರ ಬರೆದ ಪುಟ. 2022ರ ನವೆಂಬರ್‌ನಲ್ಲಿ ಬೆಂಗಳೂರಿನಿಂದ ‘ಭಾರತ್ ಗೌರವ್ ಕಾಶಿ ದರ್ಶನ’ ರೈಲು ಶುರುವಾಯಿತು, ಸರ್ಕಾರವೂ ಸಹಾಯಧನ ಕೊಟ್ಟಿತು. ಹಾಗೆ ಅಲ್ಲಿಗೆ ಬಂದಿಳಿಯುವ ನಮ್ಮವರಲ್ಲಿ ಅನೇಕರಿಗೆ ಹಿಂದಿ ಬಾರದು. ಅಂಥವರು ಮೊಬೈಲಿನಲ್ಲಿ ಕನ್ನಡ ಕಂಡು ‘ಅಬ್ಬಾ’ ಎನ್ನಲಿ ಎಂದೇ ನೀವು ಆ ಪುಟಗಳನ್ನು ಬರೆದಿರಬೇಕು. ಅದೇ ಕೈಕೊಟ್ಟರೆ ಹೊಟ್ಟೆಯಲ್ಲಿ ಸಂಕಟವಾಗುವುದು ಸಹಜ. ಇದರಲ್ಲಿ ಅತಿಯಾದದ್ದೇನೂ ನನಗೆ ಕಾಣುವುದಿಲ್ಲ.

ಇನ್ನೊಂದು ವಿಷಯ ನಿಮ್ಮ ಪತ್ರದಲ್ಲಿ ಅವಸರದ ಅರ್ಧ ಸಾಲಾಗಿ ಹೋಗಿದೆ: ಲಾಡ್ಜಿಗೆ ಫೋನ್ ಮಾಡಿ ರೂಮು ತೆಗೆಸಿದ್ದು. ಪುಟ ಸರಿ ಮಾಡುವ ಮೊದಲು ಮನುಷ್ಯರನ್ನು ಒಳಗೆ ಸೇರಿಸಿದಿರಿ. ಲಾಯಕ್ಕಿಲ್ಲದವನಿಗೆ ಆ ಕ್ರಮ ಹೊಳೆಯುವುದಿಲ್ಲ.

ಈಗ ನಿಮ್ಮ ಭಯದ ಮಾತು. ಅದರಲ್ಲಿ ಎರಡು ಬೇರೆ ಬೇರೆ ಭಯಗಳು ಕಲೆತುಹೋಗಿವೆ. ಒಂದಕ್ಕೆ ನಿಜವಾದ ಕಾರಣವಿದೆ. ಅದು ನಿಮ್ಮ ಮನಸ್ಸಿನದ್ದಲ್ಲ, ನಿಮ್ಮ ಬಿಲ್ಡಿನದ್ದು. ಇನ್ನೊಂದು ಆ ರಾತ್ರಿ ಬಿಟ್ಟುಹೋದ ಪೆಟ್ಟು. ಮೊದಲನೆಯದನ್ನು ಧೈರ್ಯ ಹೇಳಿ ಓಡಿಸಲು ಆಗುವುದಿಲ್ಲ, ಓಡಿಸಲೂಬಾರದು. ಎರಡನೆಯದನ್ನು ಯಾವ ಬಿಲ್ಡೂ ತೆಗೆಯಲಾರದು. ಹಾಗಾಗಿ ಒಂದೊಂದನ್ನೂ ಅದರದರ ಜಾಗದಲ್ಲಿ ಇಟ್ಟು ನೋಡೋಣ. ಆಪ್ತಸಲಹೆಗೆ ಬರುವ ಮೊದಲು ಕೆಲವು ವರ್ಷ ನಾನೂ ಜಾವಾ ಬರೆದು ಅನ್ನ ತಿಂದವಳು. ಆದ್ದರಿಂದ ಸ್ವಲ್ಪ ಯಂತ್ರದ ಮಾತೂ ಆಡುತ್ತೇನೆ. ಇತರ ಓದುಗರು ಸಹಿಸಿಕೊಳ್ಳಬೇಕು.

ಜೆಎಸ್‌ಪಿ ಬಂದದ್ದು 1999ರಲ್ಲಿ, ಸನ್ ಮೈಕ್ರೋಸಿಸ್ಟಮ್ಸ್‌ನಿಂದ. ಪುಟದಲ್ಲಿ ಎಚ್‌ಟಿಎಂಎಲ್ ಇರುತ್ತದೆ, ನಡುನಡುವೆ ಜಾವಾ. ಬಿಲ್ಡ್ ಮಾಡುವಾಗ ನಿಮ್ಮ ಜಾವಾ ಕ್ಲಾಸುಗಳು ಕಂಪೈಲ್ ಆಗುತ್ತವೆ. ಜೆಎಸ್‌ಪಿ ಪುಟಗಳು ಮಾತ್ರ ಇದ್ದ ಹಾಗೇ ಕಟ್ಟಿನೊಳಗೆ ಸೇರಿ ಸರ್ವರಿಗೆ ಹೋಗುತ್ತವೆ. ಯಾರಾದರೂ ಆ ಪುಟವನ್ನು ಮೊದಲ ಸಲ ಕೇಳಿದಾಗ ಟಾಮ್‌ಕ್ಯಾಟ್‌ನೊಳಗಿನ ಜಾಸ್ಪರ್ ಎಂಬ ಭಾಗ ಅದನ್ನು ಜಾವಾ ಸರ್ವ್‌ಲೆಟ್ ಆಗಿ ಬರೆದು, ಕಂಪೈಲ್ ಮಾಡಿ, ವರ್ಕ್ ಫೋಲ್ಡರಿನಲ್ಲಿಟ್ಟು, ಆಮೇಲೆ ಓಡಿಸುತ್ತದೆ. ಅಂದರೆ ಪಂಕ್ತಿಗೆ ಎಲೆ ಹಾಕಿ ಜನ ಕೂತ ಮೇಲೆ ಒಲೆ ಹಚ್ಚುವ ಪದ್ಧತಿ. ಮೊದಲು ಬಂದವರಿಗೆ ತಡವಾಗುತ್ತದೆ. ಪುಟದಲ್ಲಿ ತಪ್ಪಿದ್ದರೆ ಅದು ಮೊದಲು ಗೊತ್ತಾಗುವುದೂ ಅವರಿಗೇ.

ಆ ರಾತ್ರಿ ನಡೆದದ್ದು ಇಷ್ಟೇ ಇರಬೇಕು. ಮೆಥಡ್ ಬದಲಾಯಿತು. ಅದನ್ನು ಕರೆಯುವ ಇತರ ಪುಟಗಳನ್ನು ತಿದ್ದಿದಿರಿ, ಕನ್ನಡ ಫೋಲ್ಡರಿನ ರಸೀದಿ ಪುಟ ಮಾತ್ರ ಹಳೆಯ ರೀತಿಯಲ್ಲೇ ಕರೆಯುತ್ತಾ ಉಳಿಯಿತು. ಬಿಲ್ಡ್ ತಕರಾರು ಮಾಡಲಿಲ್ಲ ಎಂದಿರಿ. ಹೇಗೆ ಮಾಡೀತು? ಅದು ಆ ಪುಟದೊಳಕ್ಕೆ ಇಣುಕಿಯೇ ಇರಲಿಲ್ಲ. ಲಾಗ್ ತೆಗೆದು ನೋಡಿ, ‘ಅನೇಬಲ್ ಟು ಕಂಪೈಲ್ ಕ್ಲಾಸ್ ಫಾರ್ ಜೆಎಸ್‌ಪಿ’ ಎಂಬ ಸಾಲು ಸಿಗಬಹುದು. ಸಿಕ್ಕರೆ ಅದನ್ನು ನಿಧಾನವಾಗಿ ಓದಿಕೊಳ್ಳಿ. ಅಲ್ಲಿ ನಿಮ್ಮ ಹೆಸರಿಲ್ಲ. ಬಿಲ್ಡಿನಲ್ಲಿ ಆಗಬೇಕಾದ ಒಂದು ಕೆಲಸ ಸರ್ವರಿನಲ್ಲಿ ಆಯಿತು, ಅದೂ ನಾಲ್ಕರ ಜಾವದಲ್ಲಿ, ಅಷ್ಟೇ.

ನೀವು ಇನ್ನೊಂದು ಪುಟ ತೆರೆದು ನೋಡಬಹುದಿತ್ತು, ನಿಜ. ಆದರೆ ನೂರು ಪುಟಗಳ ಸೈಟನ್ನು ಒಬ್ಬ ಮನುಷ್ಯನ ನೆನಪಿನ ಮೇಲೆ ನಿಲ್ಲಿಸಿದ್ದು ನೀವಲ್ಲ. ಆ ಏರ್ಪಾಡು ನೀವು ಸೇರುವ ಮೊದಲೇ ಹಾಗಿತ್ತು. ಪುಟ ಕೇಳಿದಾಗ ಕಂಪೈಲ್ ಮಾಡುವ ಪದ್ಧತಿ ಆ ಕಾಲದಲ್ಲಿ ಅನುಕೂಲವೆಂದೇ ಬಂದದ್ದು: ಫೈಲು ತಿದ್ದು, ಬ್ರೌಸರ್ ರಿಫ್ರೆಶ್ ಮಾಡು, ಆಯಿತು. ಬರೆಯುವವನ ಮೇಜಿನ ಮೇಲೆ ಅದು ಸುಖ. ಕಾರ್ತಿಕ ಪೂರ್ಣಿಮೆಯ ಜನಜಂಗುಳಿಯಲ್ಲಿ ಅಲ್ಲ. 2021ರ ಡಿಸೆಂಬರ್‌ನಲ್ಲಿ ವಿಶ್ವನಾಥ ಧಾಮ ತೆರೆದ ಮೇಲೆ ಆ ಊರಿಗೆ ಬರುವ ಜನ ಎಷ್ಟು ಹೆಚ್ಚಿದ್ದಾರೆಂದು ನೀವು ನನಗಿಂತ ಚೆನ್ನಾಗಿ ಬಲ್ಲಿರಿ.

ಗೆಳೆಯ ಹೇಳಿದ ದಾರಿ ಸರಿ, ಹಳೆಯದೂ ಹೌದು. ಟಾಮ್‌ಕ್ಯಾಟ್ ಜೊತೆಗೇ ಜೆಎಸ್‌ಪಿಸಿ ಎಂಬ ಸಾಧನ ಬರುತ್ತದೆ. ಅದನ್ನು ಆಂಟ್ ಬಿಲ್ಡಿನಿಂದ ಓಡಿಸಬಹುದು. ಮೇವನ್ ಬಳಸುವವರು ಜೆಟ್ಟಿಯವರ ಜೆಎಸ್‌ಪಿಸಿ ಪ್ಲಗಿನ್ ಹಾಕಿಕೊಳ್ಳುವುದುಂಟು. ಜೆಎಸ್‌ಪಿಯ ನಿಯಮಪುಸ್ತಕದಲ್ಲೇ ‘ಜೆಎಸ್‌ಪಿ_ಪ್ರಿಕಂಪೈಲ್’ ಎಂಬ ಮೀಸಲು ಪದವಿದೆ. ಪುಟದ ವಿಳಾಸದ ಕೊನೆಗೆ ಅದನ್ನು ಸೇರಿಸಿ ಕೇಳಿದರೆ ಪುಟ ಓಡುವುದಿಲ್ಲ, ಕಂಪೈಲ್ ಮಾತ್ರ ಆಗುತ್ತದೆ. ಇಷ್ಟೆಲ್ಲ ಯಾಕೆ ಹೇಳಿದೆ ಎಂದರೆ, ಇದನ್ನು ಕೇಳುವುದು ಅಳುಕಿನ ಲಕ್ಷಣವಲ್ಲ. ಜೆಎಸ್‌ಪಿ ಕಟ್ಟಿದವರೇ ಇದು ಬೇಕಾಗುತ್ತದೆ ಎಂದು ಮೊದಲೇ ಜಾಗ ಬಿಟ್ಟಿದ್ದರು.

ಒಂದೇ ಸಲಕ್ಕೆ ಎಲ್ಲವನ್ನೂ ಬದಲಾಯಿಸಲು ಹೋಗಬೇಡಿ. ಹೆದರಿದ ಮನಸ್ಸು ದೊಡ್ಡ ಬದಲಾವಣೆಯಲ್ಲಿ ಹೊಸ ಭಯಗಳನ್ನು ಹುಡುಕಿಕೊಳ್ಳುತ್ತದೆ. ಮೊದಲು ಪರೀಕ್ಷೆಗೆಂದು ಮಾತ್ರ ಕಂಪೈಲ್ ಮಾಡಿ. ಬಿಲ್ಡ್ ನಡೆಯುವಾಗ ಎಲ್ಲ ಜೆಎಸ್‌ಪಿಗಳೂ ಕಂಪೈಲ್ ಆಗಲಿ, ಒಂದು ಕೆಟ್ಟರೂ ಬಿಲ್ಡ್ ನಿಲ್ಲಲಿ, ಹುಟ್ಟಿದ ಕ್ಲಾಸ್ ಫೈಲುಗಳನ್ನು ಎಸೆದುಬಿಡಿ. ಸರ್ವರಿಗೆ ಎಂದಿನಂತೆ ಜೆಎಸ್‌ಪಿಗಳೇ ಹೋಗಲಿ. ಹೀಗೆ ಮಾಡಿದರೆ ಪ್ರೊಡಕ್ಷನ್‌ನಲ್ಲಿ ಏನೂ ಬದಲಾಗುವುದಿಲ್ಲ, ಮಾಲೀಕರಿಗೂ ಅಪಾಯ ಕಾಣುವುದಿಲ್ಲ, ನಿಮಗೆ ಬೇಕಾದದ್ದು ಮಾತ್ರ ಸಿಗುತ್ತದೆ. ಇದರಲ್ಲೂ ಒಂದು ಎಚ್ಚರ. ಜೆಎಸ್‌ಪಿಸಿ ಪುಟವನ್ನು ಜಾವಾ ಆಗಿ ಬರೆದುಕೊಡುವಷ್ಟಕ್ಕೇ ನಿಲ್ಲಬಹುದು. ಅಲ್ಲಿಗೇ ಬಿಟ್ಟರೆ ನಿಮ್ಮಂಥ ದೋಷ ಸಿಗುವುದಿಲ್ಲ. ಬರೆದ ಜಾವಾ ಕಂಪೈಲ್ ಆಗುವವರೆಗೆ ಹೋಗಬೇಕು. ಹಳೆಯ ರೀತಿಯ ಕರೆ ಸಿಕ್ಕಿಬೀಳುವುದು ಅಲ್ಲಿಯೇ.

ಮೊದಲ ದಿನ ಬಿಲ್ಡ್ ಕೆಂಪಾಗಿ ನಿಂತರೆ ಎದೆಗೆಡಬೇಡಿ. ಹಳೆಯ ಸೈಟುಗಳಲ್ಲಿ ಹೆಚ್ಚಾಗಿ ಹಾಗೇ ಆಗುತ್ತದೆ. ಬೇರೆ ಪುಟದೊಳಗೆ ಸೇರಿಸಲೆಂದೇ ಬರೆದ ತುಂಡುಗಳಿಗೂ ಯಾರೋ .ಜೆಎಸ್‌ಪಿ ಎಂದೇ ಬಾಲ ಹಚ್ಚಿರುತ್ತಾರೆ. ಅವುಗಳ ವೇರಿಯಬಲ್‌ಗಳು ತಾಯಿ ಪುಟದಲ್ಲಿರುತ್ತವೆ, ಹಾಗಾಗಿ ಒಂಟಿಯಾಗಿ ಕಂಪೈಲ್ ಆಗುವುದಿಲ್ಲ. ಅವುಗಳ ಬಾಲವನ್ನು .ಜೆಎಸ್‌ಪಿಎಫ್ ಎಂದು ಬದಲಿಸಿ, ಸೇರಿಸಿರುವ ಕಡೆಯಲ್ಲೂ ಅದೇ ಹೆಸರು ಹಾಕಿ. ವರ್ಷಗಟ್ಟಲೆ ಯಾರೂ ತೆರೆಯದ ಸತ್ತ ಪುಟಗಳೂ ಹೊರಬೀಳುತ್ತವೆ. ಅಳಿಸಿಬಿಡಿ. ‘ಕೋಡ್ ಟೂ ಲಾರ್ಜ್’ ಎಂಬ ದೂರು ಬಂದರೆ ಆ ಪುಟ ಅತಿ ಉದ್ದವಾಗಿದೆ ಎಂದರ್ಥ. ಜಾವಾದಲ್ಲಿ ಒಂದು ಮೆಥಡ್ 64 ಕಿಲೋಬೈಟ್ ದಾಟುವಂತಿಲ್ಲ, ಜೆಎಸ್‌ಪಿ ಪುಟದ ಒಡಲೆಲ್ಲ ಒಂದೇ ಮೆಥಡಿಗೆ ಬಂದು ಬೀಳುತ್ತದೆ. ಈ ತಪ್ಪುಗಳು ನಿಮ್ಮವಲ್ಲ, ಬಹುಪಾಲು ನಿಮಗಿಂತ ಮೊದಲಿದ್ದವರದ್ದು. ಆದರೂ ನಿಮ್ಮ ಇಂದಿನ ಮನಃಸ್ಥಿತಿಯಲ್ಲಿ ಒಂದೊಂದು ಕೆಂಪು ಸಾಲೂ ‘ನೋಡು, ಇಲ್ಲೂ ಕೆಟ್ಟಿದೆ’ ಎಂದು ನಿಮ್ಮನ್ನೇ ಬೈದಂತೆ ಕೇಳಿಸೀತು. ಆಗ ಗಡಿಯಾರ ನೋಡಿಕೊಳ್ಳಿ. ಮಧ್ಯಾಹ್ನ ಮೂರು ಗಂಟೆಗೆ, ಆಫೀಸಿನಲ್ಲಿ, ಚಹಾ ಕುಡಿಯುತ್ತಾ ಆ ದೋಷ ನಿಮಗೆ ಸಿಕ್ಕಿದೆ. ಯಾವ ಯಾತ್ರಿಕನಿಗೂ ಸಿಕ್ಕಿಲ್ಲ.

ಇದೆಲ್ಲ ತಿಂಗಳೆರಡು ತಿಂಗಳು ನೆಟ್ಟಗೆ ನಡೆದ ಮೇಲೆ, ಬೇಕೆನಿಸಿದರೆ, ಕಂಪೈಲಾದ ಕ್ಲಾಸುಗಳನ್ನೇ ಕಟ್ಟಿನಲ್ಲಿ ಸೇರಿಸಿ ವೆಬ್.ಎಕ್ಸ್‌ಎಂಎಲ್‌ನಲ್ಲಿ ನಮೂದಿಸಬಹುದು. ಆಗ ಮೊದಲು ಬಂದವರಿಗೂ ಪುಟ ಬೇಗ ತೆರೆಯುತ್ತದೆ. ಅದಕ್ಕೆ ಮುಂಚೆ ಮಾಲೀಕರಿಗೆ ಎರಡು ವಿಷಯ ಬಿಡಿಸಿ ಹೇಳಿ. ಸರ್ವರ್ ಯಾವ ಟಾಮ್‌ಕ್ಯಾಟ್ ಆವೃತ್ತಿಯೋ ಅದರ ಜಾಸ್ಪರಿನಿಂದಲೇ ಕಂಪೈಲ್ ಆಗಬೇಕು. 9ರಿಂದ 10ಕ್ಕೆ ಹೋದಾಗ ‘ಜಾವಾಎಕ್ಸ್’ ಎಂದಿದ್ದ ಪ್ಯಾಕೇಜ್ ಹೆಸರು ‘ಜಕಾರ್ತಾ’ ಆಯಿತು. ಅಲ್ಲಿ ಹಳೆಯ ಕ್ಲಾಸುಗಳು ನಡೆಯುವುದಿಲ್ಲ. ಎರಡನೆಯದು, ಸರ್ವರಿನೊಳಗೆ ಕೈಹಾಕಿ ಜೆಎಸ್‌ಪಿ ಫೈಲನ್ನು ತಿದ್ದುವ ಅಭ್ಯಾಸ ಇದ್ದರೆ ಅದು ನಿಂತುಹೋಗುತ್ತದೆ. ತಿದ್ದಿದರೂ ಪುಟದಲ್ಲಿ ಏನೂ ಬದಲಾಗದು. ಕೆಲವು ಆಫೀಸುಗಳಿಗೆ ಇದು ಒಪ್ಪುವುದಿಲ್ಲ. ಒಪ್ಪದಿದ್ದರೆ ಮೊದಲ ಹೆಜ್ಜೆಯಲ್ಲೇ ಉಳಿಯಿರಿ, ನಿಮಗೆ ಅಷ್ಟು ಸಾಕು.

ನೀವು ಕೇಳಿದ ದೊಡ್ಡ ಪ್ರಶ್ನೆ ಇನ್ನೂ ಉಳಿದಿದೆ: ಮಾಡಿದರೂ ಭಯ ಹೋಗುತ್ತದಾ?

ಪೂರ್ತಿ ಹೋಗುವುದಿಲ್ಲ. ಕಂಪೈಲ್ ಆದ ಪುಟವೂ ಕೆಡಬಹುದು. ಡಾಲರ್ ಚಿಹ್ನೆ, ಆವರಣಗಳ ನಡುವೆ ಬರೆಯುವ ಎಕ್ಸ್‌ಪ್ರೆಷನ್ನಿನಲ್ಲಿ ಯಾತ್ರಿಕರ ಹೆಸರಿನ ಪ್ರಾಪರ್ಟಿಗೆ ಒಂದಕ್ಷರ ತಪ್ಪಿದರೆ ಅದು ಗೊತ್ತಾಗುವುದು ಪುಟ ಓಡಿದಾಗಲೇ. ಡೇಟಾ ಬಾರದಿದ್ದರೂ ಅಷ್ಟೇ. ನಾನಿದನ್ನು ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಪೂರ್ತಿ ಖಾತ್ರಿ ಸಿಗುತ್ತದೆ ಎಂದು ಸುಳ್ಳು ಹೇಳಿದರೆ, ಮೊದಲ ಸಣ್ಣ ದೋಷ ಬಂದ ದಿನ ನೀವು ಮತ್ತೆ ಹಳೆಯ ಜಾಗಕ್ಕೇ ಬಂದು ಕೂರುತ್ತೀರಿ.

ಈಗ ನೀವು ರಾತ್ರಿಯಿಡೀ ಮಾಡುತ್ತಿರುವುದನ್ನು ನೋಡಿ. ಪುಟ ತೆರೆದಾಗ ಒಂದು ನಿಮಿಷ ಸಮಾಧಾನ, ಮುಚ್ಚಿದ ಕೂಡಲೇ ‘ಸರಿಯಾಗಿ ನೋಡಿದೆನಾ?’ ಎಂಬ ಅನುಮಾನ. ಮತ್ತೆ ತೆರೆಯುತ್ತೀರಿ. ಒಂದು ಸುತ್ತು ನೋಡುವುದು ಪರೀಕ್ಷೆ. ಮೂರನೆಯ ಸುತ್ತಿಗೆ ಬರುವಾಗ ನೀವು ಪುಟವನ್ನು ನೋಡುತ್ತಿರುವುದಿಲ್ಲ, ಎದೆಬಡಿತವನ್ನು ಇಳಿಸಿಕೊಳ್ಳುತ್ತಿರುತ್ತೀರಿ. ಹೀಗೆ ಇಳಿಸಿಕೊಂಡಷ್ಟೂ ಮನಸ್ಸು ಪಾಠ ಕಲಿಯುತ್ತದೆ: ಹತ್ತು ಸಲ ನೋಡಿದೆ, ಅದಕ್ಕೇ ಬಚಾವಾದೆ ಎಂದು. ಮುಂದಿನ ಸಲ ಹನ್ನೊಂದು ಸಲ ಕೇಳುತ್ತದೆ. ಇದು ಯಾರಲ್ಲೂ ಕಾಣಬಹುದಾದ ಸ್ವಭಾವ. ಬೀಗ ಹಾಕಿ ಎಳೆದು ನೋಡುವವರು, ಗ್ಯಾಸ್ ಆಫ್ ಮಾಡಿ ಬೀದಿಯ ತುದಿಯಿಂದ ವಾಪಸ್ ಬರುವವರು ನನಗೆ ತುಂಬ ಪತ್ರ ಬರೆಯುತ್ತಾರೆ.

ಬಿಲ್ಡ್ ನೋಡಬಲ್ಲದ್ದನ್ನು ಬಿಲ್ಡಿಗೆ ಬಿಡಿ. ನಿಮ್ಮ ಕಣ್ಣಿಗೆ ಒಂದು ಚಿಕ್ಕ ಪಟ್ಟಿ ಸಾಕು: ನಾಲ್ಕೂ ಭಾಷೆಗಳಲ್ಲಿ ಕಾದಿರಿಸುವಿಕೆ, ಪಾವತಿ, ರಸೀದಿ, ರದ್ದತಿ. ಕಾಗದದ ಮೇಲೆ ಬರೆದಿಡಿ. ಒಂದೇ ಸಲ ನೋಡಿ, ಗುರುತು ಹಾಕಿ, ಲ್ಯಾಪ್‌ಟಾಪ್ ಮುಚ್ಚಿ. ಮತ್ತೆ ತೆರೆಯಬೇಕು ಎಂದು ಕೈ ತುರಿಸುತ್ತದೆ. ತೆರೆಯದೆ ಕೂತಿರಿ. ಆ ಚಡಪಡಿಕೆ ಏರುತ್ತದೆ, ಒಂದು ಹಂತಕ್ಕೆ ನಿಂತು ತಾನಾಗಿ ಇಳಿಯುತ್ತದೆ. ಮೊದಲ ಕೆಲವು ಸಲ ಇದು ಬಹಳ ಕಷ್ಟ, ಸುಲಭ ಎಂದು ನಾನು ಹೇಳುವುದಿಲ್ಲ. ಒಂದು ರಾತ್ರಿ ಸೋತು ಮತ್ತೆ ತೆರೆದರೆ ಅದಕ್ಕೂ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ.

ಅಂದಹಾಗೆ, ರಾತ್ರಿ ಯಾಕೆ? ರಾತ್ರಿ ಜನ ಕಡಿಮೆ ಎಂಬ ಲೆಕ್ಕ ಬೇರೆ ಊರುಗಳಿಗೆ ಸರಿ. ಕಾಶಿಯಲ್ಲಿ ಜನ ಏಳುವುದೇ ಗಂಗಾಸ್ನಾನಕ್ಕೆ, ಸೂರ್ಯ ಹುಟ್ಟುವ ಮೊದಲು. ಹಬ್ಬದ ಹಿಂದಿನ ರಾತ್ರಿಯಂತೂ ಬೇಡವೇ ಬೇಡ. ವಾರದ ನಡುವೆ, ಹಗಲು ಹೊತ್ತಿನಲ್ಲಿ, ಪಕ್ಕದಲ್ಲಿ ಇನ್ನೊಬ್ಬರು ಕೂತಿರುವಾಗ ರಿಲೀಸ್ ಮಾಡಿ. ಹಿಂದಿನ ಆವೃತ್ತಿಯ ಕಟ್ಟು ಪಕ್ಕದಲ್ಲೇ ಇರಲಿ. ಕೆಟ್ಟರೆ ಅದನ್ನು ಹಾಕಿ, ಆಮೇಲೆ ಕಾರಣ ಹುಡುಕಿ.

ಮಾಲೀಕರೊಂದಿಗೆ ಮಾತಾಡಲೇಬೇಕು. ಎಲ್ಲರೆದುರು ಹಾಗೆ ಹೇಳಿದ್ದು ನೋಯಿಸಿತು, ಒಪ್ಪುತ್ತೇನೆ. ಆದರೆ ಹಬ್ಬದ ದಿನ ಗ್ರಾಹಕರ ಫೋನು ಅವರಿಗೂ ಬಂದಿರಬೇಕು. ಅವರ ಹೆದರಿಕೆ ಸಿಟ್ಟಾಗಿ ಹೊರಬಂದಿರಬಹುದು. ಕೆಟ್ಟ ಮನಸ್ಸು ಎಂದು ಈಗಲೇ ತೀರ್ಮಾನಿಸುವುದು ಬೇಡ. ನಿಮ್ಮ ಹೆದರಿಕೆಯಿಂದ ಮಾತು ಶುರು ಮಾಡಬೇಡಿ, ದೋಷದಿಂದ ಶುರು ಮಾಡಿ. ‘ಭೈಯಾ, ಅವತ್ತಿನ ಎರರ್ ಬಿಲ್ಡ್‌ನಲ್ಲೇ ಸಿಗಬಹುದಿತ್ತು. ಬಿಲ್ಡಿಗೆ ಒಂದಿಷ್ಟು ಸಮಯ ಹೆಚ್ಚಾಗುತ್ತದೆ, ಸರ್ವರ್ ಮುಟ್ಟುವುದಿಲ್ಲ. ಒಂದು ರಿಲೀಸಿಗೆ ಮಾಡಿ ತೋರಿಸಲಾ?’ ಮೊದಲೇ ನಿಮ್ಮ ಯಂತ್ರದಲ್ಲಿ ಒಂದು ಸಲ ಓಡಿಸಿ, ಕೆಂಪಾದ ಪುಟಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದು ಹೋಗಿ. ಪಟ್ಟಿ ನೋಡಿದವರು ನೆಪ ಎನ್ನುವುದು ಕಷ್ಟ. ಕನ್ನಡ ಪುಟಗಳ ಹೊಣೆ ಒಬ್ಬನದೇ ಆಗಿರುವುದನ್ನೂ ಹೇಳಿ. ಅಕ್ಷರ ಓದಲು ಬಾರದವರೂ ರಸೀದಿ ಬಂತೋ ಇಲ್ಲವೋ ಎಂದು ನೋಡಬಲ್ಲರು. ಇಷ್ಟು ಮಾಡಿದ ಮೇಲೂ ಮೂದಲಿಕೆಯೇ ಉತ್ತರವಾದರೆ ಬೇರೆ ಕಡೆ ಕೆಲಸ ಹುಡುಕುವ ಯೋಚನೆ ತಪ್ಪಲ್ಲ. ಆದರೆ ಆ ತೀರ್ಮಾನವನ್ನು ಚೆನ್ನಾಗಿ ನಿದ್ದೆ ಮಾಡಿದ ಒಂದು ವಾರದ ಕೊನೆಗೆ ತೆಗೆದುಕೊಳ್ಳಿ.

ಅವ್ವನ ವಿಷಯ. ಪ್ರಿಕಂಪೈಲ್ ಎಂದರೆ ಅವರಿಗೆ ತಿಳಿಯದೇ ಇರಬಹುದು. ‘ಅವ್ವಾ, ಕೆಲಸದಾಗ ಒಂದ್ ತಪ್ಪಾತು, ನಮ್ಮ ಕಡೆ ಮಂದಿಗೆ ತ್ರಾಸಾತು, ಅದ್ರಿಂದ ನಿದ್ದಿ ಬರವಲ್ದು’ ಎಂದರೆ ಖಂಡಿತ ತಿಳಿಯುತ್ತದೆ. ಅವರಿಗೆ ಚಿಂತೆಯಾದೀತು, ಹೌದು. ‘ಆರಾಮ್ ಅದೀನಿ’ ಎನ್ನುವ ನಿಮ್ಮ ದನಿಯಿಂದ ಈಗಾಗಲೇ ಆಗಿರಬಹುದು.

ನಿಮ್ಮ ಪತ್ರದಲ್ಲಿ ಗೆಳೆಯ ಬೆಂಗಳೂರಿನಲ್ಲಿದ್ದಾನೆ, ಅವ್ವ ಹಾವೇರಿಯಲ್ಲಿದ್ದಾರೆ, ವಾರಾಣಸಿಯಲ್ಲಿ ಮಾಲೀಕರೊಬ್ಬರೇ ಇದ್ದಾರೆ. ಅಲ್ಲೂ ನಮ್ಮ ಭಾಷೆ ಸಿಗದೇ ಇಲ್ಲ. ಜಂಗಮವಾಡಿ ಮಠಕ್ಕೆ ಕರ್ನಾಟಕದಿಂದ ಜನ ಬಂದು ಹೋಗುತ್ತಾರೆ, ಹನುಮಾನ್ ಘಾಟಿನ ಹತ್ತಿರ ಕರ್ನಾಟಕದ ಹೆಸರಿನ ಘಾಟೇ ಇದೆ. ನಿಮ್ಮ ರೂಮಿನ ಹತ್ತಿರದ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ (ಬಿಎಚ್‌ಯು) ಮೊದಲ ಕುಲಾಧಿಪತಿಯಾಗಿದ್ದವರು ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು. ವಾರಕ್ಕೊಮ್ಮೆ ಸಂಜೆ ಅಂಥ ಕಡೆ ಹೋಗಿ ನಾಲ್ಕು ಮಂದಿಯ ಹತ್ತಿರ ಕನ್ನಡದಲ್ಲಿ ಮಾತಾಡಿ. ದೂರು ಕೇಳಲಿಕ್ಕಲ್ಲದೆ ಬೇರೆ ಕಾರಣಕ್ಕೂ ನಿಮ್ಮ ಕಿವಿಗೆ ಆ ಭಾಷೆ ಬೀಳಲಿ.

ಇವೆಲ್ಲ ಮಾಡಿ ಎರಡು ಮೂರು ವಾರ ಕಳೆದರೂ ನಿದ್ದೆ, ಊಟ ಸರಿಯಾಗದಿದ್ದರೆ, ರಿಲೀಸ್ ಇಲ್ಲದ ದಿನವೂ ಎದೆ ಹೊಡೆದುಕೊಳ್ಳುತ್ತಿದ್ದರೆ, ವೈದ್ಯರನ್ನು ಕಾಣಲು ತಡಮಾಡಬೇಡಿ. ಬಿಎಚ್‌ಯು ಆವರಣದ ಸರ್ ಸುಂದರಲಾಲ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ, ನಿಮ್ಮ ರೂಮಿನಿಂದ ದೂರವೇನಲ್ಲ. ಬದುಕೇ ಬೇಡ ಎನಿಸುವಂಥ ಯೋಚನೆ ಒಂದೇ ಒಂದು ಸಲ ಬಂದರೂ ಎರಡು ಮೂರು ವಾರ ಕಾಯಬೇಡಿ, ಆ ಹೊತ್ತಿಗೇ ಯಾರಿಗಾದರೂ ಹೇಳಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಇರುತ್ತದೆ, ದುಡ್ಡು ಬೇಕಿಲ್ಲ, ಭಾಷೆ ಆರಿಸಿಕೊಳ್ಳುವಾಗ ಕನ್ನಡವನ್ನೇ ಕೇಳಿ.